ಡಬ್ಬಿ ತುಂಬ ಗಂಡು ನೊಣ, ಹಣ್ಣಿನೊಳಗೆ ಹುಳ: ಗೋವಾದ ಮಾವಿಗೆ ಮೀಥೈಲ್ ಯೂಜಿನಾಲ್ ಬಲೆ ಕೊಳ್ಳಬಹುದೇ?

ಮಾನ್ಕುರಾದ್ ತಳಿಯ ಮಾವಿನ ಮಿಡಿ ಕೋಳಿಮೊಟ್ಟೆಯಷ್ಟು ಆಗುವ ಹೊತ್ತಿಗೆ ಗೋವಾದ ಗೊಬ್ಬರದಂಗಡಿಗಳ ಮುಂದೆ ಹಳದಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳು ಸಾಲಾಗಿ ತೂಗತೊಡಗುತ್ತವೆ. ಪೋಂಡಾ, ಮಾಪುಸಾ, ಸಾಂಕೆಲಿ ಸುತ್ತ ತೋಟ ಲಾವಣಿಗೆ ಹಿಡಿದ ವಿಜಯಪುರ, ಬಾಗಲಕೋಟೆ, ಗದಗ ಕಡೆಯ ನಮ್ಮ ಜನ ಅಂಗಡಿಯಲ್ಲಿ ಕೇಳುವುದು ಒಂದೇ ಮಾತು: "ಇದನ್ನ ಕಟ್ಟಿದ್ರ ಹಣ್ಣಾಗ ಹುಳ ಬೀಳೂದಿಲ್ಲೇನ್ರಿ?" ಬೀಳುವುದು ಕಡಿಮೆಯಾಗುತ್ತದೆ, ಆದರೆ ಡಬ್ಬಿ ಒಂದರಿಂದಲೇ ಅಲ್ಲ. ಈ ಬಲೆ ಹಿಡಿಯುವುದು ಊಜಿ ನೊಣದ, ಅಂದರೆ ಮಾವಿನ ಹಣ್ಣುನೊಣದ, ಗಂಡನ್ನು ಮಾತ್ರ. ಹಣ್ಣಿಗೆ ಚುಚ್ಚಿ ಮೊಟ್ಟೆ ಇಡುವ ಹೆಣ್ಣಿಗೆ ಡಬ್ಬಿಯೊಳಗಿನ ವಾಸನೆ ಬೇಕಾಗಿಯೇ ಇಲ್ಲ, ಅದು ಹೋಗುವುದು ಹಣ್ಣಿನ ವಾಸನೆಯ ಹಿಂದೆ. ಇಷ್ಟು ತಿಳಿದು ಕೊಂಡರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ತಿಳಿಯದೆ ಕೊಂಡವರು ಡಬ್ಬಿ ತುಂಬಿದ್ದನ್ನು ನೋಡಿ ಸಮಾಧಾನಪಟ್ಟು, ಮೇ ತಿಂಗಳಲ್ಲಿ ಹಣ್ಣು ಕೊಯ್ದಾಗ ತಲೆ ಮೇಲೆ ಕೈ ಹೊತ್ತು ಕೂರಬೇಕಾಗುತ್ತದೆ.

ಒಂದು ಸೆಟ್‌ನಲ್ಲಿ ಬರುವುದು ನಾಲ್ಕು ಭಾಗ. ಪಾರದರ್ಶಕ ಡಬ್ಬಿ, ಹಳದಿ ಮುಚ್ಚಳ, ತೂಗುವ ತಂತಿ, ಮತ್ತು ಬೆಳ್ಳಿಬಣ್ಣದ ಹಾಳೆಯ ಪೊಟ್ಟಣದಲ್ಲಿ ಮೀಥೈಲ್ ಯೂಜಿನಾಲ್ ಎಂಬ ವಾಸನೆಯ ಪದಾರ್ಥವನ್ನೂ ವಿಷವನ್ನೂ ಹೀರಿಸಿದ, ಲ್ಯೂರ್ ಎಂದು ಅಂಗಡಿಯವರು ಕರೆಯುವ ಪ್ಲೈವುಡ್ ತುಂಡು. ಬೆಲೆ ಸೆಟ್ಟಿಗೆ ಸುಮಾರು ನೂರರಿಂದ ನೂರೈವತ್ತು ರೂಪಾಯಿಯ ಆಸುಪಾಸು. ಬೆಲೆ ಇರುವುದು ತುಂಡಿನಲ್ಲಿ, ಡಬ್ಬಿಯಲ್ಲಲ್ಲ. ಹಾಗಾಗಿ ಕೊಳ್ಳುವಾಗ ಡಬ್ಬಿಯ ಹೊಳಪು ನೋಡುವ ಬದಲು ಪೊಟ್ಟಣ ಹಿಡಿದು ನೋಡಿ. ಅಂಚು ಬಿಗಿಯಾಗಿ ಬೆಸುಗೆಯಾಗಿರಬೇಕು, ಹೊರಗೆ ಎಣ್ಣೆಯ ಜಿಡ್ಡಿರಬಾರದು. ಮುಚ್ಚಿದ ಪೊಟ್ಟಣದಿಂದಲೇ ಲವಂಗದಂಥ ವಾಸನೆ ಗಮ್ಮೆಂದು ಬರುತ್ತಿದ್ದರೆ ಒಳಗಿನ ಸರಕು ಆಗಲೇ ಸೋರುತ್ತಿದೆ ಎಂದರ್ಥ. ತಯಾರಿಸಿದ ತಿಂಗಳು ಅಚ್ಚಾಗಿರದ ಪೊಟ್ಟಣ ಬೇಡ. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿಟ್ಟಿದ್ದು ಸಹ ಬೇಡ.

ಡಬ್ಬಿಯಲ್ಲಿ ನೋಡಬೇಕಾದ್ದು ತೂತು. ಸುಮಾರು 2 ಸೆಂಟಿಮೀಟರ್ ಅಗಲದ ಮೂರು ನಾಲ್ಕು ತೂತು ಸಾಕು, ಅವು ಡಬ್ಬಿಯ ಮೇಲಿನ ಮೂರನೇ ಒಂದು ಭಾಗದಲ್ಲಿರಬೇಕು. ತುಂಡು ತೂಗುವ ಕೊಕ್ಕೆ ಆ ತೂತುಗಳ ಮಟ್ಟಕ್ಕೇ ಬರಬೇಕು. ತುಂಡು ತಳಕ್ಕೆ ಬಿದ್ದಿದ್ದರೆ ಸತ್ತ ನೊಣಗಳ ರಾಶಿಯಲ್ಲಿ ಹೂತುಹೋಗಿ ವಾಸನೆ ಹೊರಗೆ ಹರಡುವುದಿಲ್ಲ. ತಳದಲ್ಲಿ ಸೂಜಿಗಾತ್ರದ ನಾಲ್ಕು ತೂತು ಇಲ್ಲದಿದ್ದರೆ ಮನೆಯಲ್ಲೇ ಕಾಯಿಸಿದ ದಬ್ಬಣದಿಂದ ಚುಚ್ಚಿಕೊಳ್ಳಿ. ಮೇ ಕೊನೆಯ ಮಳೆಗೆ ಡಬ್ಬಿಯಲ್ಲಿ ನೀರು ನಿಂತು ನೊಣ ಕೊಳೆತರೆ ಎಣಿಸುವುದೂ ಆಗದು, ಹತ್ತಿರ ಹೋಗುವುದೂ ಆಗದು.

ಈ ತುಂಡು ಗಂಡನ್ನು ಅಷ್ಟು ಹುಚ್ಚು ಹಿಡಿಸುವುದು ಏಕೆ ಎಂಬುದರಲ್ಲೇ ಇದರ ಬಲವೂ ಇದೆ, ಮಿತಿಯೂ ಇದೆ. ಬಿಹಾರದ ಪೂಸಾದಲ್ಲಿದ್ದ ಕೀಟತಜ್ಞ ಹೌಲೆಟ್, ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣುನೊಣದ ಗಂಡುಗಳು ಮುತ್ತುವುದನ್ನು 1912ರಲ್ಲಿ ಬರೆದರು. ಎಣ್ಣೆಯೊಳಗಿನ ಆ ಸೆಳೆತ ಮೀಥೈಲ್ ಯೂಜಿನಾಲ್‌ನದು ಎಂದು 1915ರಲ್ಲಿ ಹೇಳಿದರು. ಇವತ್ತು ಪ್ರಪಂಚದಾದ್ಯಂತ ತೂಗುವ ಈ ಡಬ್ಬಿಗಳ ಮೂಲ ನಮ್ಮ ದೇಶದ ಆ ಕೆಲಸವೇ. ಗಂಡು ನೊಣ ಈ ವಾಸನೆಯನ್ನು ಮೂಸಿ ಸುಮ್ಮನಾಗುವುದಿಲ್ಲ, ನೆಕ್ಕಿ ನೆಕ್ಕಿ ತಿನ್ನುತ್ತದೆ. ತಿಂದದ್ದು ಹೊಟ್ಟೆಯಲ್ಲಿ ಕೋನಿಫೆರಿಲ್ ಆಲ್ಕೋಹಾಲ್ ಮೊದಲಾದ ಬೇರೆ ಪದಾರ್ಥಗಳಾಗಿ ಮಾರ್ಪಟ್ಟು ಗುದದ ಬಳಿಯ ಗ್ರಂಥಿಯಲ್ಲಿ ಶೇಖರವಾಗುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ ಗಂಡು ಎಲೆಯ ಮೇಲೆ ಕುಳಿತು ರೆಕ್ಕೆ ಬೀಸಿ ಆ ಪರಿಮಳವನ್ನು ಗಾಳಿಗೆ ಬಿಡುತ್ತದೆ. ಹೆಣ್ಣು ಬರುವುದು ಅದಕ್ಕೆ. ತಿಂದ ಗಂಡಿಗೆ ತಿನ್ನದ ಗಂಡಿಗಿಂತ ಜೋಡಿ ಸಿಗುವುದು ಹೆಚ್ಚು.

ಇದನ್ನು ಕಣ್ಣಾರೆ ನೋಡಬೇಕೆಂದರೆ ಅಂಗಡಿಗೂ ಹೋಗಬೇಕಿಲ್ಲ. ತುಳಸಿ ಎಲೆಯಲ್ಲೂ ಮೀಥೈಲ್ ಯೂಜಿನಾಲ್ ಇರುತ್ತದೆ, ಗಿಡದಿಂದ ಗಿಡಕ್ಕೆ ಪ್ರಮಾಣ ಹೆಚ್ಚುಕಡಿಮೆ. ಊಜಿಯ ಕಾಲದಲ್ಲಿ ಬೆಳಿಗ್ಗೆ ಒಂದು ಹಿಡಿ ಎಲೆ ಹಿಸುಕಿ ಕಟ್ಟೆಯ ಮೇಲಿಡಿ. ಕಣಜದಂತೆ ಕಾಣುವ, ಬೆನ್ನಿಗೆ ಹಳದಿ ಗೆರೆಯಿರುವ, ಹೆಚ್ಚುಕಡಿಮೆ 7 ಮಿಲಿಮೀಟರ್ ಉದ್ದದ ನೊಣ ಬಂದು ಸೊಂಡಿಲನ್ನು ಎಲೆಗೆ ಒತ್ತಿ, ಬೆರಳು ಹತ್ತಿರ ಒಯ್ದರೂ ಏಳದೆ ನೆಕ್ಕುತ್ತಿರುತ್ತದೆ. ಹೊಟ್ಟೆಯ ತುದಿ ನೋಡಿ, ಮೊಂಡಾಗಿರುತ್ತದೆ. ಹೆಣ್ಣಾದರೆ ಅಲ್ಲಿ ಮುಳ್ಳಿನಂಥ ಚೂಪು ಕೊಳವೆ ಇರುತ್ತದೆ. ಆ ಕೊಳವೆಯೇ ಹಣ್ಣಿನ ಸಿಪ್ಪೆ ತೂರುವ ಸಾಧನ. ಮೀಥೈಲ್ ಯೂಜಿನಾಲ್ ಡಬ್ಬಿಯಲ್ಲಿ ಬಿದ್ದವುಗಳ ತುದಿ ನೋಡಿದರೆ ಹತ್ತಿರಹತ್ತಿರ ಎಲ್ಲವೂ ಮೊಂಡೇ.

ಇದರಿಂದ ಕೊಳ್ಳುವವರು ತಿಳಿಯಬೇಕಾದ ದೊಡ್ಡ ವಿಷಯವೊಂದಿದೆ. ತುಂಡಿನಲ್ಲಿ ವಾಸನೆ ಇದ್ದು ವಿಷ ಇಲ್ಲದಿದ್ದರೆ, ಅಥವಾ ವಿಷದ ಕಸುವು ಮುಗಿದಿದ್ದರೆ, ಗಂಡು ಬಂದು ಹೊಟ್ಟೆತುಂಬ ತಿಂದು ಅದೇ ತೂತಿನಿಂದ ಹೊರಗೆ ಹೋಗುತ್ತದೆ. ಅತ್ತರು ಪೂಸಿಕೊಂಡ ಮದುಮಗನಂತೆ ಸಂಜೆ ಮರಕ್ಕೆ ಮರಳುತ್ತದೆ. ಅಂಥ ಬಲೆ ಕಟ್ಟುವುದಕ್ಕಿಂತ ಕಟ್ಟದಿರುವುದೇ ವಾಸಿ. ಪರೀಕ್ಷೆ ಸುಲಭ. ತುಂಡು ಹಾಕಿ ಎರಡು ದಿನದ ಮೇಲೆ ಬೆಳಿಗ್ಗೆ ಡಬ್ಬಿಯ ಬಳಿ ಹತ್ತು ನಿಮಿಷ ನಿಲ್ಲಿ. ಒಳಗೆ ಹೋದ ನೊಣ ತುಂಡಿನ ಮೇಲೆ ಕುಳಿತು ಸ್ವಲ್ಪ ಹೊತ್ತಿನಲ್ಲೇ ತಳಕ್ಕೆ ಬಿದ್ದು ಕಾಲು ಬಡಿಯಬೇಕು. ಹಾರಿ ಹೊರಗೆ ಬಂದರೆ ತುಂಡನ್ನು ತೆಗೆದುಬಿಡಿ.

ತುಂಡನ್ನು ತಾವೇ ಮಾಡಿಕೊಳ್ಳುವವರೂ ಇದ್ದಾರೆ. ಹತ್ತಾರು ಎಕರೆಗೆ ಅದು ಅಗ್ಗ. 5×5 ಸೆಂಟಿಮೀಟರ್ ಅಗಲ, ಸುಮಾರು 1.2 ಸೆಂಟಿಮೀಟರ್ ದಪ್ಪದ ಪ್ಲೈವುಡ್ ಚೂರುಗಳನ್ನು ಈಥೈಲ್ ಆಲ್ಕೋಹಾಲ್, ಮೀಥೈಲ್ ಯೂಜಿನಾಲ್, ಮ್ಯಾಲಾಥಿಯಾನ್ ಕೀಟನಾಶಕ 6:4:1ರ ಅಳತೆಯಲ್ಲಿ ಬೆರೆಸಿದ ದ್ರಾವಣದಲ್ಲಿ ಮುಚ್ಚಿದ ಪಾತ್ರೆಯಲ್ಲಿ 48ರಿಂದ 72 ಗಂಟೆ ಮುಳುಗಿಸಿಡುತ್ತಾರೆ. ಒಂದು ರಾತ್ರಿ ನೆನೆಸಿ ತೆಗೆದರೆ ಮೇಲಿನ ಪದರ ಮಾತ್ರ ಹೀರಿರುತ್ತದೆ. ಅಂಥ ತುಂಡನ್ನು ಗರಗಸದಿಂದ ಅಡ್ಡ ಸೀಳಿದರೆ ನಡುವಿನ ಪದರ ಒಣಗಿ ಬಿಳಿಚಿಕೊಂಡಿರುವುದು ಕಾಣುತ್ತದೆ, ಕೆಲವೇ ದಿನಕ್ಕೆ ಕಸುವು ಇಳಿಯುತ್ತದೆ. ಲ್ಯಾಮಿನೇಟ್ ಹೊದಿಸಿದ ಪ್ಲೈವುಡ್ ಹೀರುವುದೇ ಇಲ್ಲ. ಡಿಡಿವಿಪಿ, ಅಂದರೆ ಡೈಕ್ಲೋರ್‌ವಾಸ್ ಕೀಟನಾಶಕ, ಹಾಕಿ ಎಂದು ಯಾರಾದರೂ ಹಳೆಯ ಲೆಕ್ಕ ಹೇಳಿದರೆ ಕೇಳಬೇಡಿ. ಡೈಕ್ಲೋರ್‌ವಾಸ್ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧವಾಗಿದೆ. ಕೈಗವಸು ಇಲ್ಲದೆ ಯಾವ ತುಂಡನ್ನೂ ಮುಟ್ಟಬಾರದು. ವಿಷದ ಮಾತು ಹಾಗಿರಲಿ, ಮೀಥೈಲ್ ಯೂಜಿನಾಲನ್ನೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2023ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವ ಹೆಚ್ಚಿರುವ ಗುಂಪಿಗೆ ಸೇರಿಸಿದೆ. ಮಕ್ಕಳ ಕೈಗೆ ಪೊಟ್ಟಣ ಕೊಟ್ಟು "ಕಟ್ಟಿ ಬಾ" ಎನ್ನುವುದು ತಪ್ಪು.

ಕಟ್ಟುವ ಕಾಲ ಕೊಯ್ಲಿಗೆ 45ರಿಂದ 60 ದಿನ ಮೊದಲು. ಏಪ್ರಿಲ್ ಕೊನೆಗೆ ಮಾನ್ಕುರಾದ್ ಕೊಯ್ಯುವವರು ಮಾರ್ಚ್ ಮೊದಲ ವಾರಕ್ಕೆ ಕಟ್ಟಿ ಮುಗಿಸಿರಬೇಕು. ಹಣ್ಣಿಗೆ ಬಣ್ಣ ತಿರುಗಿದ ಮೇಲೆ ಕಟ್ಟಿದರೆ ಡಬ್ಬಿ ಬೇಗ ತುಂಬುತ್ತದೆ, ನೋಡಲು ಚೆಂದ, ಉಪಯೋಗ ಅಲ್ಪ. ಆ ಹೊತ್ತಿಗೆ ಹೆಣ್ಣುಗಳಿಗೆ ಜೋಡಿ ಸಿಕ್ಕು ಆಗಿಹೋಗಿರುತ್ತದೆ. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡಬಲ್ಲದು, ಹಾಗಾಗಿ ಅರ್ಧಕ್ಕರ್ಧ ಗಂಡು ಸತ್ತರೂ ಮೊಟ್ಟೆ ಅರ್ಧವಾಗುವುದಿಲ್ಲ. ಹೆಚ್ಚುಕಡಿಮೆ ಎಲ್ಲ ಗಂಡೂ ಹೋಗಬೇಕು, ಕೂಡುವ ಮೊದಲೇ ಹೋಗಬೇಕು. ಎಕರೆಗೆ ನಾಲ್ಕು ಡಬ್ಬಿ ಕನಿಷ್ಠ. ಹಿಂದಿನ ವರ್ಷ ಹೆಚ್ಚು ಹುಳ ಬಿದ್ದಿದ್ದರೆ ಆರರಿಂದ ಹತ್ತು. ನೆಲದಿಂದ ನಾಲ್ಕೈದು ಅಡಿ ಎತ್ತರ, ನೆರಳು, ಗಾಳಿಯಾಡುವ ಜಾಗ. ನೇರ ಬಿಸಿಲಲ್ಲಿ ತೂಗಿದರೆ ಲ್ಯೂರ್ ಬೇಗ ಹಾರಿಹೋಗುತ್ತದೆ. ಪೊಟ್ಟಣದ ಮೇಲೆ ಮೂರು ತಿಂಗಳು ಎಂದು ಬರೆದಿದ್ದರೂ ಕರಾವಳಿಯ ಬೇಸಿಗೆಗೆ 45 ದಿನಕ್ಕೆ ಹೊಸ ತುಂಡು ಹಾಕುವುದು ಕ್ಷೇಮ. ಒಂದು ಹಂಗಾಮಿಗೆ ಎರಡು ತುಂಡಿನ ಲೆಕ್ಕ ಹಿಡಿದೇ ಬೆಲೆ ಹೋಲಿಸಿ.

ತುಂಡು ಹಾಕುವಾಗ ಕೈಗವಸಿನ ಜಿಡ್ಡು ಡಬ್ಬಿಯ ಹೊರಮೈಗೆ ತಾಗಿದರೆ ಗಂಡುಗಳು ಹೊರಗೇ ಕುಳಿತು ನೆಕ್ಕುತ್ತವೆ, ಒಳಗೆ ಹೋಗುವುದಿಲ್ಲ. ಒಂದು ಕೈ ಡಬ್ಬಿಗೆ, ಒಂದು ಕೈ ತುಂಡಿಗೆ ಎಂದು ನಿಯಮ ಮಾಡಿಕೊಳ್ಳಿ. ತಂತಿಗೆ ನಾಲ್ಕು ಬೆರಳಗಲ ಗ್ರೀಸ್ ಸವರದಿದ್ದರೆ ಇರುವೆಗಳು ಸತ್ತ ನೊಣವನ್ನೆಲ್ಲ ಸಾಗಿಸಿಬಿಡುತ್ತವೆ. ನೀವು ಬೆಳಿಗ್ಗೆ ನೋಡಿ ನೊಣವೇ ಇಲ್ಲ ಎಂದುಕೊಳ್ಳುತ್ತೀರಿ. ಹಾಗೆಂದು ಮರದ ಮೇಲಿನ ಚಗಳಿ ಇರುವೆಯ ಗೂಡಿಗೆ ಔಷಧಿ ಹೊಡೆಯಬೇಡಿ. ಚಗಳಿ ಓಡಾಡಿದ ಹಣ್ಣಿನ ಮೇಲೆ ಆ ಇರುವೆ ಬಿಟ್ಟ ವಾಸನೆಯ ಗುರುತು ಇರುತ್ತದೆ, ಹೆಣ್ಣು ಊಜಿ ಅಂಥ ಹಣ್ಣಿನ ಮೇಲೆ ಇಳಿಯಲು ಹಿಂಜರಿಯುತ್ತದೆ ಎಂದು ಆಫ್ರಿಕಾದ ಮಾವಿನ ತೋಪುಗಳಲ್ಲಿ ನಡೆದ ಕೆಲಸ ತೋರಿಸಿದೆ. ಕೊಯ್ಯುವವರಿಗೆ ಕಚ್ಚುತ್ತವೆ, ನಿಜ. ಕಾಯುತ್ತವೆ ಎಂಬುದೂ ನಿಜ.

ವಾರಕ್ಕೊಮ್ಮೆ ಡಬ್ಬಿ ಬಿಚ್ಚಿ ಎಣಿಸಿ. ಒಟ್ಟು ನೊಣದ ಸಂಖ್ಯೆಯನ್ನು ಡಬ್ಬಿಗಳ ಸಂಖ್ಯೆಯಿಂದಲೂ ದಿನಗಳಿಂದಲೂ ಭಾಗಿಸಿ. ನಾಲ್ಕು ಡಬ್ಬಿ, ಏಳು ದಿನ, 560 ನೊಣ ಎಂದರೆ ಡಬ್ಬಿಗೆ ದಿನಕ್ಕೆ 20. ಈ ಅಂಕಿ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಬಲೆ ಗೆಲ್ಲುತ್ತಿದೆ. ಏರುತ್ತಲೇ ಇದ್ದರೆ ಹೊರಗಿನಿಂದ ಬರುತ್ತಿವೆ, ಅಥವಾ ನಿಮ್ಮ ಮರದಡಿಯಲ್ಲೇ ಹುಟ್ಟುತ್ತಿವೆ. ಪಕ್ಕದ ಮನೆಯಂಗಳದ ಪೇರಲ, ರಸ್ತೆಬದಿಯ ಕಾಡುಬಾದಾಮಿ ಎರಡೂ ಈ ನೊಣಕ್ಕೆ ತವರುಮನೆ. ಪೆಸಿಫಿಕ್ ಸಾಗರದ ರೋಟಾ ದ್ವೀಪದಲ್ಲಿ 1960ರ ದಶಕದ ಮೊದಲಿಗೆ ಮೀಥೈಲ್ ಯೂಜಿನಾಲ್ ಮತ್ತು ವಿಷ ನೆನೆಸಿದ ಹಲಗೆಚೂರುಗಳನ್ನು ವಿಮಾನದಿಂದ ಉದುರಿಸಿ ಇದೇ ನೊಣವನ್ನು ಪೂರ್ತಿ ತೊಡೆದುಹಾಕಿದರು. ಅದು ಸುತ್ತ ಕಡಲಿರುವ ದ್ವೀಪ, ಇಡೀ ನೆಲಕ್ಕೆ ಒಟ್ಟಿಗೆ ಹಾಕಿದ್ದರು. ಪೋಂಡಾದ ಒಂದೆಕರೆಗೆ ಬೇಲಿಯೇ ಗಡಿ, ನೊಣಕ್ಕೆ ಬೇಲಿ ಎಲ್ಲಿಯ ಲೆಕ್ಕ? ಅಕ್ಕಪಕ್ಕದ ಐದಾರು ತೋಟದವರು ಸೇರಿ ಒಂದೇ ವಾರದಲ್ಲಿ ಕಟ್ಟಿದರೆ ಇದೇ ಡಬ್ಬಿಯ ಫಲ ಬೇರೆಯೇ.

ಇನ್ನು ಹೆಣ್ಣಿನ ಮಾತು. ಬಲೆಯನ್ನು ಹೊಗಳುವ ಅಂಗಡಿಯವರು ಇದನ್ನು ಹೇಳುವುದಿಲ್ಲ, ಖರೀದಿಸುವವರು ಕೇಳುವುದೂ ಇಲ್ಲ. ಹೆಣ್ಣಿಗೆ ಮೊದಲು ಬೇಕಾದ್ದು ಪ್ರೋಟೀನು. ಅದಿಲ್ಲದೆ ಹೊಟ್ಟೆಯಲ್ಲಿ ಮೊಟ್ಟೆ ಬಲಿಯುವುದಿಲ್ಲ. ಹಾಗಾಗಿ ಜಿಗಿಹುಳ ಸುರಿಸಿದ ಅಂಟು, ಹಕ್ಕಿಯ ಹಿಕ್ಕೆ, ಹುಳಿತ ಹಣ್ಣು ಎಲ್ಲವನ್ನೂ ನೆಕ್ಕುತ್ತ ತಿರುಗುತ್ತದೆ. ಮೊಟ್ಟೆ ಬಲಿತ ಮೇಲೆ ಅದರ ಮೂಗು ಹಣ್ಣಿನ ಕಡೆ ತಿರುಗುತ್ತದೆ. ಮಾವಿನ ಪರಿಮಳದ ಭಾಗವಾದ ಗ್ಯಾಮಾ ಆಕ್ಟಾಲ್ಯಾಕ್ಟೋನ್ ಎಂಬುದು ಹೆಣ್ಣನ್ನು ಮೊಟ್ಟೆ ಇಡಲು ಪ್ರೇರೇಪಿಸುತ್ತದೆ ಎಂದು ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ್ದಾರೆ. ಬಲಿತ ಕಾಯಿಯ ಸಿಪ್ಪೆ ಮೆತ್ತಗಾಗುತ್ತ ಬಂದಂತೆ ಈ ಕರೆ ಜೋರಾಗುತ್ತದೆ. ಮಾನ್ಕುರಾದಿನ ತೆಳುಸಿಪ್ಪೆಗೆ ಕೊಳವೆ ಸುಲಭವಾಗಿ ಇಳಿಯುತ್ತದೆ. ಚುಚ್ಚಿದ ಜಾಗದಲ್ಲಿ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆ, ಕೆಲವೊಮ್ಮೆ ಒಣಗಿದ ಸೊನೆಯ ಹನಿ. ಎರಡು ದಿನದ ಮೇಲೆ ಆ ಚುಕ್ಕೆಯ ಸುತ್ತ ಹೆಬ್ಬೆರಳಿಂದ ಒತ್ತಿದರೆ ಒಳಗೆ ನೀರಾದಂತೆ ತಗ್ಗುತ್ತದೆ. ಸೀಳಿದರೆ ಬಿಳಿ ಹುಳ. ಬಲಿತ ಹುಳವನ್ನು ತಟ್ಟೆಗೆ ಹಾಕಿದರೆ ತಲೆಬಾಲ ಸೇರಿಸಿ ಬಿಲ್ಲಿನಂತೆ ಬಾಗಿ ಟಪ್ಪನೆ ಹಾರುತ್ತದೆ. ಹಾಗೆ ಹಾರಿಯೇ ಬಿದ್ದ ಹಣ್ಣಿನಿಂದ ಮಣ್ಣು ಸೇರಿ, ಎರಡರಿಂದ ಐದು ಸೆಂಟಿಮೀಟರ್ ಆಳದಲ್ಲಿ ಕೋಶವಾಗುತ್ತದೆ. ಬೇಸಿಗೆಯಲ್ಲಿ ಮೊಟ್ಟೆಯಿಂದ ಹೊಸ ನೊಣಕ್ಕೆ ಸುಮಾರು ಮೂರು ವಾರ ಸಾಕು.

ಆದ್ದರಿಂದ ಡಬ್ಬಿಯ ಜೊತೆ ಎರಡು ಕೆಲಸ ಕಡ್ಡಾಯ. ಬಿದ್ದ ಹಣ್ಣನ್ನು ದಿನವೂ ಆರಿಸಿ ದಪ್ಪ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದು ಬಿಸಿಲಿಗಿಡಿ, ಇಲ್ಲವೇ ಎರಡು ಮೂರು ಅಡಿ ಗುಂಡಿಯಲ್ಲಿ ಹೂಳಿ. ತಿಪ್ಪೆಗೆ ಎಸೆದರೆ ಹುಳಕ್ಕೆ ಅಲ್ಲಿಯೂ ಮಣ್ಣು ಸಿಗುತ್ತದೆ. ಮರದ ನೆರಳಿನಷ್ಟು ನೆಲವನ್ನು ಹತ್ತು ಹದಿನೈದು ದಿನಕ್ಕೊಮ್ಮೆ ಕೆದಕಿ, ಕೋಳಿ ಇದ್ದರೆ ಬಿಡಿ. ಎರಡನೆಯದು ಹೆಣ್ಣಿಗೇ ಇಡುವ ತಿಂಡಿ. ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, ಮಾವಿಗೆ ಈಗ ಅನುಮತಿ ಇರುವ ಕೀಟನಾಶಕ ಲೇಬಲ್‌ನಲ್ಲಿ ಹೇಳಿದಷ್ಟೇ, ಇದನ್ನು ಕಾಂಡದ ಮೇಲೆ ಮತ್ತು ಒಳಗಿನ ಎಲೆಗಳ ಮೇಲೆ ಅಲ್ಲಲ್ಲಿ ಚಿಮುಕಿಸಿ, ಹಣ್ಣಿನ ಮೇಲೆ ಬೇಡ. ಬೆಲ್ಲಕ್ಕಿಂತ ಯೀಸ್ಟ್ ಅಥವಾ ಪ್ರೋಟೀನ್ ಹೈಡ್ರೊಲೈಸೇಟ್ (ಒಡೆದು ಕರಗಿಸಿದ ಪ್ರೋಟೀನು) ಬೆರೆಸಿದ್ದು ಹೆಣ್ಣನ್ನು ಚೆನ್ನಾಗಿ ಸೆಳೆಯುತ್ತದೆ, ಕಾರಣ ಮೇಲೆ ಹೇಳಿದ್ದೇ. ಮಳೆ ಬಿದ್ದರೆ ತೊಳೆದುಹೋಗುತ್ತದೆ, ಮತ್ತೆ ಹಾಕಬೇಕು.

ಹಣ್ಣಿನೊಳಗೆ ಹೋದ ಮೊಟ್ಟೆಯನ್ನು ಕೊಲ್ಲಲು ರಫ್ತಿನವರು 48 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 60 ನಿಮಿಷ ಇಡುತ್ತಾರೆ. 2014ರ ಮೇ 1ರಿಂದ ಯುರೋಪ್ ನಮ್ಮ ಮಾವನ್ನು ನಿಲ್ಲಿಸಿದ್ದಕ್ಕೆ ಕಾರಣ ಈ ಹುಳವೇ. ಮರುವರ್ಷ ಬಾಗಿಲು ತೆರೆದದ್ದು ಇಂಥ ಉಪಚಾರವನ್ನು ಬಿಗಿ ಮಾಡಿದ ಮೇಲೆ. ಮನೆಯ ಹಂಡೆಯಲ್ಲಿ ಥರ್ಮಾಮೀಟರ್ ಇಲ್ಲದೆ ಪ್ರಯತ್ನಿಸಿದರೆ ಒಂದೋ ಮೊಟ್ಟೆ ಉಳಿಯುತ್ತದೆ, ಇಲ್ಲವೇ ಹಣ್ಣು ಬೇಯುತ್ತದೆ.

ಮಳೆಗಾಲದ ಹಾಗಲ, ಹೀರೆ, ಸೌತೆ, ಪಡವಲಕ್ಕೆ ಇದೇ ಡಬ್ಬಿ ಸರಿ, ಒಳಗಿನ ತುಂಡು ಬೇರೆ. ಬಳ್ಳಿ ತರಕಾರಿಯ ನೊಣಕ್ಕೆ ಮೀಥೈಲ್ ಯೂಜಿನಾಲ್ ಲೆಕ್ಕಕ್ಕಿಲ್ಲ, ಅದಕ್ಕೆ ಕ್ಯೂ ಲ್ಯೂರ್ ಎಂಬ ಬೇರೆ ವಾಸನೆಯ ಪದಾರ್ಥ ಬೇಕು. ಕ್ಯೂ ಲ್ಯೂರಿನ ಸೆಳೆತ ಮಾವಿನದಕ್ಕಿಂತ ಮಂದ, ಹಾಗಾಗಿ ಡಬ್ಬಿಗಳನ್ನು ಹತ್ತಿರಹತ್ತಿರ ಕಟ್ಟಬೇಕು. ಎರಡೂ ಬಗೆಯ ತುಂಡುಗಳನ್ನು ಒಂದೇ ಚೀಲದಲ್ಲಿ ತಂದು, ಒಂದೇ ಕೈಗವಸಿನಿಂದ ಹಾಕುವುದು ಸಾಮಾನ್ಯ ತಪ್ಪು. ವಾಸನೆ ಬೆರೆತರೆ ಯಾವ ಡಬ್ಬಿಗೆ ಯಾವ ನೊಣ ಏಕೆ ಬಂತು ಎಂಬುದೇ ಗೊತ್ತಾಗುವುದಿಲ್ಲ.

ಅಡುಗೆಮನೆಯ ಬಾಳೆಹಣ್ಣಿನ ಮೇಲೆ ಗುಂಗಾಡುವ, ಕೆಂಪು ಕಣ್ಣಿನ, ಎರಡು ಮೂರು ಮಿಲಿಮೀಟರಿನ ನೊಣಕ್ಕೆ ಈ ಬಲೆ ಬೇಡವೇ ಬೇಡ. ಅದು ಡ್ರೊಸೊಫಿಲಾ, ಬೇರೆ ಕುಟುಂಬ, ಬೇರೆ ಮೂಗು. ಅದರ ಗಂಡು ತಾನೇ ತಯಾರಿಸಿದ ಸಿಸ್ ವ್ಯಾಕ್ಸಿನೈಲ್ ಅಸಿಟೇಟ್ ಎಂಬ ವಾಸನೆಯನ್ನು ಕೂಡುವಾಗ ಹೆಣ್ಣಿಗೆ ದಾಟಿಸುತ್ತದೆ. ಆ ವಾಸನೆ ಹೊತ್ತ ಹೆಣ್ಣಿನ ಕಡೆ ಬೇರೆ ಗಂಡುಗಳ ಆಸಕ್ತಿ ಇಳಿಯುತ್ತದೆ. ಅದೇ ವಾಸನೆ ಮೊಟ್ಟೆ ಇಟ್ಟ ಜಾಗಕ್ಕೂ ತಾಗಿ, ಮಿಕ್ಕ ನೊಣಗಳನ್ನು ಆ ಹಣ್ಣಿಗೆ ಕೂಡಿಸುತ್ತದೆ. ಮೊಟ್ಟೆಗೆ ಜಾಗ ಹುಡುಕುವುದು ಯೀಸ್ಟ್ ಮತ್ತು ವಿನೆಗರ್ ವಾಸನೆಯಿಂದ. ಜಿಯೋಸ್ಮಿನ್, ಅಂದರೆ ಮೊದಲ ಮಳೆಗೆ ಬರುವ ಮಣ್ಣಿನ ಪರಿಮಳ, ಇದ್ದಲ್ಲಿ ದೂರ ಸರಿಯುತ್ತದೆ. ಅದು ಕೆಟ್ಟ ಬೂಷ್ಟಿನ ಸೂಚನೆ. ಈ ನೊಣದ ವಾಸನಾಶಕ್ತಿಯ ಆನುವಂಶಿಕ ಅಧ್ಯಯನಕ್ಕೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಒಬೈದ್ ಸಿದ್ದಿಕಿ ಮತ್ತು ವೆರೋನಿಕಾ ರೊಡ್ರಿಗಸ್ 1970ರ ದಶಕದಲ್ಲೇ ದಾರಿ ಹಾಕಿದರು. ಆಮೇಲೆ ಆ ಕೆಲಸ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಕ್ಕೆ (ಎನ್‌ಸಿಬಿಎಸ್) ಬಂತು. ನಿಮ್ಮ ಅಡುಗೆಮನೆಗೆ ಬೇಕಾದ್ದು ಇಷ್ಟೇ: ಲೋಟದಲ್ಲಿ ಎರಡು ಬೆರಳು ಸೇಬಿನ ವಿನೆಗರ್, ಒಂದು ಹನಿ ಪಾತ್ರೆ ತೊಳೆಯುವ ದ್ರವ, ಲೋಟದ ಬಾಯಿಗೆ ಕಾಗದದ ಲಾಳಿಕೆ. ಸಾಬೂನು ಹಾಕದಿದ್ದರೆ ನೊಣ ವಿನೆಗರಿನ ಮೇಲೆ ಕುಳಿತು ಕುಡಿದು ಹಾರಿಹೋಗುತ್ತದೆ.

ಅಂಗಳದಲ್ಲಿ ಒಂದೆರಡೇ ಮರ, ಅದೂ ಕೈಗೆಟಕುವಷ್ಟು ಎತ್ತರ ಎನ್ನುವವರು ಬಲೆಗಿಂತ ಕಾಗದದ ಚೀಲಕ್ಕೆ ದುಡ್ಡು ಹಾಕುವುದು ಮೇಲು. ಕಾಯಿ ಕೋಳಿಮೊಟ್ಟೆ ಗಾತ್ರವಿದ್ದಾಗ ಸುಮಾರು 25×20 ಸೆಂಟಿಮೀಟರಿನ ಕಂದು ಕಾಗದದ ಚೀಲ ತೊಡಿಸಿ ತೊಟ್ಟಿನ ಬಳಿ ಬಿಗಿದರೆ ಹೆಣ್ಣಿನ ಕೊಳವೆ ಸಿಪ್ಪೆ ಮುಟ್ಟುವುದಿಲ್ಲ, ವಿಷವೂ ಬೇಡ. ನಲವತ್ತು ಅಡಿ ಎತ್ತರದ ಹಳೆಯ ಮರಗಳಿಗೆ ಅದು ಆಗದ ಮಾತು. ಅಲ್ಲಿ ಡಬ್ಬಿಯೇ ಗತಿ, ಮತ್ತು ಒಳ್ಳೆಯ ಗತಿ. ಹಂಗಾಮು ಮುಗಿದ ಮೇಲೆ ತುಂಡನ್ನು ಡಬ್ಬಿಯಲ್ಲೇ ಬಿಟ್ಟು ಅಟ್ಟಕ್ಕೆ ಎಸೆಯಬೇಡಿ. ತುಂಡು ಹೊರತೆಗೆದು ಆಳವಾಗಿ ಹೂಳಿ, ಬಾವಿ ಮತ್ತು ಹಳ್ಳದಿಂದ ದೂರ. ಡಬ್ಬಿಯನ್ನು ಸಾಬೂನಿನಿಂದ ತೊಳೆದು ಬಿಸಿಲಲ್ಲಿ ಒಣಗಿಸಿದರೆ ಮೂರು ನಾಲ್ಕು ವರ್ಷ ಬರುತ್ತದೆ. ಮುಂದಿನ ಫೆಬ್ರವರಿಗೆ ಬಿಡಿ ತುಂಡು ಮಾತ್ರ ಕೊಂಡರೆ ಸಾಕು, ಅದನ್ನೂ ಕಟ್ಟುವ ವಾರದಲ್ಲೇ ಕೊಳ್ಳಿ.